ಒಂದೇ ಲ್ಯಾಂಡ್‌ಲೈನ್, ಮನೆಯ ಎಲ್ಲ ಕೋಣೆಗೂ

ಕೊಡಗಿನ ತೋಟದ ಮನೆಗಳಲ್ಲಿ ಮುಂದಿನ ಹಜಾರದಲ್ಲಿ ಫೋನ್ ರಿಂಗಾದರೆ ಹಿಂದಿನ ಅಡುಗೆಮನೆಗೆ ಕೇಳಿಸದು; ಹಂಚಿನ ಮೇಲೆ ಮಳೆ ಸುರಿಯುವಾಗಂತೂ ಪಕ್ಕದ ಕೋಣೆಗೂ ಕೇಳಿಸದು. ಅದೇ ಲೈನನ್ನು ಮೂರು ನಾಲ್ಕು ಕೋಣೆಗೆ ಎಳೆದುಕೊಳ್ಳುವುದು ಅರ್ಧ ದಿನದ ಕೆಲಸ.

ಮೊದಲು ಲೈನ್ ಯಾವುದೆಂದು ನೋಡಿ. ತಾಮ್ರದ್ದಾದರೆ ಎಕ್ಸ್‌ಚೇಂಜ್‌ನಿಂದಲೇ ಸುಮಾರು 48 ವೋಲ್ಟ್ ಡಿಸಿ ಬರುತ್ತದೆ, ಮನೆಯಲ್ಲಿ ಕರೆಂಟ್ ಹೋದರೂ ಸಾದಾ ಫೋನ್ ನಡೆಯುತ್ತದೆ. ಫೈಬರ್ ಆದರೆ ಫೋನಿನ ವೈರ್ ಹೊರಡುವುದು ಮೋಡೆಮ್‌ನಿಂದ. ಕರೆಂಟ್ ಹೋದಾಗ ಅದಕ್ಕೆ ಯುಪಿಎಸ್ ಬೇಕು. ಇಲ್ಲೊಂದು ಮುಖ್ಯ ಎಚ್ಚರಿಕೆ: ಫೈಬರ್‌ಗೆ ಬದಲಾದ ಮೇಲೆ ಒಳಗಿನ ಹಳೆಯ ವೈರಿಂಗ್ ಉಳಿಸಿಕೊಳ್ಳಬಹುದು, ಆದರೆ ಕಂಬದಿಂದ ಬರುವ ಹಳೆಯ ತಾಮ್ರದ ತಂತಿ ಜೋಡಿಯನ್ನು ಅದರಿಂದ ಪೂರ್ತಿ ಬಿಡಿಸಿರಬೇಕು. ಎರಡೂ ಕೂಡಿದರೆ ಮೋಡೆಮ್ ಕೆಟ್ಟೀತು.

ಬೇಕಾದದ್ದು ಇಷ್ಟು: 0.5 ಮಿ.ಮೀ. ತಾಮ್ರದ, ಎರಡು ಜೋಡಿಯ ಟೆಲಿಫೋನ್ ಕೇಬಲ್, ಕೋಣೆಗೊಂದು ರೊಸೆಟ್ ಬಾಕ್ಸ್ (ಫೋನ್ ಸಿಕ್ಕಿಸುವ ಸಾಕೆಟ್ಟಿನ ಡಬ್ಬಿ), ಮುಚ್ಚಳವಿರುವ ಒಂದು ಜಂಕ್ಷನ್ ಬಾಕ್ಸ್, ತಂತಿಗಳನ್ನು ಕೂಡಿಸಲು ಸ್ಕ್ರೂ ಇರುವ ಸ್ಟ್ರಿಪ್ ಕನೆಕ್ಟರ್.

ಒಂದು ಕೋಣೆಯ ಬಾಕ್ಸಿನಿಂದ ಇನ್ನೊಂದಕ್ಕೆ ಸರಪಳಿಯಾಗಿ ಎಳೆದರೆ ಕೇಬಲ್ ಉಳಿಯುತ್ತದೆ, ನಿಜ. ಆದರೂ ಇಲ್ಲಿಗೆ ಅದು ಬೇಡ. ನಡುವಿನ ಒಂದು ಜಾಯಿಂಟ್ ಕೈಕೊಟ್ಟರೆ ಅದರ ಮುಂದಿನ ಫೋನ್‌ಗಳೆಲ್ಲ ಸತ್ತಂತೆ. ಮನೆಯೊಳಗೆ ಥಂಡಿ ಹಿಡಿಯದ ಗೋಡೆಯ ಮೇಲೆ ಜಂಕ್ಷನ್ ಬಾಕ್ಸ್ ಕೂರಿಸಿ, ಪ್ರತಿ ಕೋಣೆಗೂ ಅಲ್ಲಿಂದಲೇ ಬೇರೆ ಬೇರೆ ಕೇಬಲ್ ಒಯ್ಯಿರಿ. ಅಳತೆಗಿಂತ ಎರಡೂ ತುದಿಯಲ್ಲಿ ಅರ್ಧ ಅಡಿ ಹೆಚ್ಚು ಬಿಡಿ. ಕರೆಂಟ್ ವೈರಿನ ಪೈಪಿನೊಳಗೆ ತೂರಿಸಬೇಡಿ, ಪಕ್ಕಪಕ್ಕದಲ್ಲೂ ಓಡಿಸಬೇಡಿ. ಫೋನಿನಲ್ಲಿ ಗುಂಯ್ ಎನ್ನುವ ಸದ್ದಿಗೆ ಅದೇ ಕಾರಣವಾಗುತ್ತದೆ. ದಾಟಲೇಬೇಕಾದ ಕಡೆ ಅಡ್ಡಲಾಗಿ ದಾಟಿಸಿ. ಅಟ್ಟದ ಮೇಲೆ ಹೋಗುವ ಕಡೆ ಇಲಿ ಕಡಿಯದಂತೆ ಪೈಪ್ ಹಾಕಿ.

ಜೋಡಿಸುವ ಮೊದಲು ಹೊರಗಿನ ಲೈನ್ ಬಿಡಿಸಿ. ರಿಂಗ್ ಬರುವ ಹೊತ್ತಿಗೆ ತಂತಿಯಲ್ಲಿ 75 ವೋಲ್ಟ್‌ಗೂ ಮೀರಿ ಎಸಿ ಇರುತ್ತದೆ, ಶಾಕ್ ಹೊಡೆಯುತ್ತದೆ. ಗುಡುಗು ಇರುವ ದಿನ ಈ ಕೆಲಸವೇ ಬೇಡ. ಎಲ್ಲ ಕೋಣೆಗೂ ಒಂದೇ ಬಣ್ಣದ ಜೋಡಿ ಆರಿಸಿ, ಒಂದು ಸೆಂಟಿಮೀಟರ್ ಸುಲಿದು, ರೊಸೆಟ್‌ನಲ್ಲಿ ಸಾಕೆಟ್ಟಿನ ನಡುವಿನ ಎರಡು ತಂತಿ ಬಂದಿರುವ ಸ್ಕ್ರೂಗಳಿಗೆ ಬಿಗಿಯಿರಿ. ಜಂಕ್ಷನ್ ಬಾಕ್ಸಿನೊಳಗೆ ಸ್ಟ್ರಿಪ್ ಕನೆಕ್ಟರ್‌ನಲ್ಲಿ ಒಂದು ಬಣ್ಣದ ತಂತಿಗಳೆಲ್ಲ ಲೈನಿನ ಒಂದು ತಂತಿಗೆ, ಇನ್ನೊಂದು ಬಣ್ಣದವು ಇನ್ನೊಂದಕ್ಕೆ.

ಬರಿದೇ ಹೊಸೆದು ಟೇಪ್ ಸುತ್ತಿದ ಜಾಯಿಂಟ್ ಇಲ್ಲಿನ ಮಳೆಗಾಲಕ್ಕೆ ನಿಲ್ಲುವುದಿಲ್ಲ. ತಂತಿಯಲ್ಲಿ ಸದಾ ಡಿಸಿ ಇರುವುದರಿಂದ ತೇವ ಸೇರಿದೊಡನೆ ತಾಮ್ರ ಹಸಿರುಗಟ್ಟಿ ಸವೆಯುತ್ತದೆ, ಮಾತಿನಲ್ಲಿ ಕರಕರ ಶುರುವಾಗುತ್ತದೆ. ಹೊರಗೆ ಜಾಯಿಂಟ್ ಬೇಕೇ ಆದರೆ ಜೆಲ್ ತುಂಬಿದ ಕನೆಕ್ಟರ್ ಬಳಸಿ.

ಫೋನ್‌ಗಳು ಹೆಚ್ಚಾದಷ್ಟೂ ರಿಂಗ್ ಕುಗ್ಗುತ್ತದೆ. ಸಾಮಾನ್ಯವಾಗಿ ತಾಮ್ರದ ಲೈನಿಗೆ ನಾಲ್ಕೈದು ಸಾಕು. ಫೈಬರ್ ಮೋಡೆಮ್‌ಗೆ ಇನ್ನೂ ಕಡಿಮೆ.

ಡಯಲ್ ಟೋನ್ ಇಲ್ಲದಿದ್ದರೆ ಮೊದಲು ಯಾವುದಾದರೂ ಕೋಣೆಯಲ್ಲಿ ರಿಸೀವರ್ ಸರಿಯಾಗಿ ಕೂತಿಲ್ಲವೇ ನೋಡಿ. ಆಮೇಲೆ ಜಂಕ್ಷನ್ ಬಾಕ್ಸಿನಲ್ಲಿ ಕೋಣೆಗಳ ಕೇಬಲ್‌ಗಳನ್ನೆಲ್ಲ ಬಿಡಿಸಿ, ಲೈನಿಗೆ ನೇರ ಒಂದು ಫೋನ್ ಹಚ್ಚಿ. ಟೋನ್ ಬಂದರೆ ಒಂದೊಂದೇ ಕೇಬಲ್ ಮರಳಿ ಸೇರಿಸಿ. ಯಾವುದನ್ನು ಸೇರಿಸಿದಾಗ ಟೋನ್ ಹೋಯಿತೋ ತೊಂದರೆ ಅಲ್ಲಿದೆ. ಬರಲೇ ಇಲ್ಲವೆಂದರೆ ದೋಷ ಹೊರಗಿನದು, ಕಂಪ್ಲೇಂಟ್ ಬರೆಸಿ.