ಬ್ಯಾಟರಿ ಕೊಳ್ಳುವಾಗ ವೋಲ್ಟ್ ನೋಡಿ ಮೋಸ ಹೋಗಬೇಡಿ

ಕಾರ್ಡ್‌ಲೆಸ್ ಡ್ರಿಲ್‌ಗೆ ಬ್ಯಾಟರಿ ಕೊಳ್ಳುವಾಗ 18, 20, 21 ವೋಲ್ಟ್ ಅಂತ ಏನೇ ಬರೆದಿರಲಿ, ಎಲ್ಲವನ್ನೂ 18 ಅಂತಲೇ ಹಿಡಿದು ಬ್ಯಾಟರಿ ಮೇಲೆ ಬರೆದಿರುವ ಆಂಪಿಯರ್ ಅವರ್‌ನಿಂದ (Ah) ಗುಣಿಸಿ, ಬರುವ ವ್ಯಾಟ್ ಅವರ್ ಹೋಲಿಸಿ, ಅಂದ್ರೆ ಬ್ಯಾಟರಿಯಲ್ಲಿ ಹಿಡಿಯುವ ಒಟ್ಟು ಶಕ್ತಿ. 2 ಆಂಪಿಯರ್ ಅವರ್‌ಗೆ 36, 4ಕ್ಕೆ 72. ಯಾಕಂದ್ರೆ ಇವುಗಳ ಒಳಗೆ ಸಾಲಾಗಿ ಜೋಡಿಸಿರುವುದು ಸಾಮಾನ್ಯವಾಗಿ ಅದೇ 5 ಲಿಥಿಯಂ ಸೆಲ್. ಒಂದಕ್ಕೆ ಸರಾಸರಿ 3.6 ವೋಲ್ಟ್ ಹಿಡಿದರೆ 18, ಪೂರ್ತಿ ಚಾರ್ಜ್ ಆದಾಗಿನ 4.2 ಹಿಡಿದರೆ 21, ಅಷ್ಟೇ ವ್ಯತ್ಯಾಸ. ಆದರೆ ಗ್ರೈಂಡರ್, ಸರ್ಕ್ಯುಲರ್ ಗರಗಸಕ್ಕೆ ಈ ಲೆಕ್ಕ ಒಂದೇ ಸಾಲದು. ಅವು ಕರೆಂಟ್ ಜಾಸ್ತಿ ಎಳೆಯುತ್ತವೆ, 5 ಸೆಲ್‌ನ ಚಿಕ್ಕ ಬ್ಯಾಟರಿ ಹಾಕಿ ದಪ್ಪ ತೇಗ ಕೊಯ್ಯಲು ಹೋದರೆ ಮಧ್ಯದಲ್ಲೇ ನಿಂತುಬಿಡಬಹುದು, 5 ಸೆಲ್‌ನ ಎರಡು ಸಾಲು ಇರುವ 10 ಸೆಲ್‌ನದ್ದು ಒಳ್ಳೆಯದು. ಬ್ಲೇಡ್ ಮೊಂಡಾಗಿದ್ದರೆ ಮಾತ್ರ ಸುಮ್ನೆ ಬ್ಯಾಟರಿಗೆ ದುಡ್ಡು ಹಾಕಬೇಡಿ, ಮೊದಲು ಬ್ಲೇಡ್ ಬದಲಿಸಿ ನೋಡಿ.