124 ಅಂತ ಬರೆದಿದ್ದೆ, ಆಮೇಲೆ ಗೀಟು ಹಾಕಿದೆ

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ, ಸೀತಾಂಗೋಳಿ ದಾಟಿದ ಮೇಲೆ ಒಳಗೆ ಹೋದರೆ ನಮ್ಮ ಶಾಲೆ. ನಾನು ಅಲ್ಲಿ ಪಿ.ಟಿ. ಮಾಸ್ಟ್ರು. ಎರಡು ವರ್ಷದ ಹಿಂದೆ ಮಾರ್ಚ್‌ನಲ್ಲಿ, ಪರೀಕ್ಷೆ ಮುಗಿಸಿ ಬಂದ ಹುಡುಗರು ಮೈದಾನದ ಕೊನೆಯ ಕಾಟು ಮಾವಿನ ಮರಕ್ಕೆ ಕಲ್ಲು ಹೊಡೆಯುತ್ತಿದ್ದರು. ಬೈಯಲಿಕ್ಕೆ ಅಂತ ಹೊರಟೆ. ಅರ್ಧ ದಾರಿಯಲ್ಲಿ ನಿಂತೆ.

ಎಂಟನೇ ಕ್ಲಾಸಿನ ಒಬ್ಬ ಹುಡುಗ. ಮೊದಲ ಕಲ್ಲು ಗೊಂಚಲಿನ ಎಡಕ್ಕೆ ಹೋಯಿತು. ಎರಡನೆಯದಕ್ಕೆ ಅವನು ಕೈಯ ಜೋರು ಹೆಚ್ಚು ಮಾಡಲಿಲ್ಲ, ಮುಂದಿನ ಕಾಲನ್ನು ಸ್ವಲ್ಪ ಬಲಕ್ಕೆ ಇಟ್ಟ, ಅಷ್ಟೇ. ಗೊಂಚಲು ಬಿತ್ತು. ಕಲ್ಲು ಹೊಡೆಯುವವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ತಪ್ಪಿದ ಮೇಲೆ ಕಾಲು ಸರಿ ಮಾಡಿಕೊಳ್ಳುವವರು ಕಡಿಮೆ.

ನಮ್ಮ ಕಡೆ ಆಟ ಅಂದರೆ ಕಬಡ್ಡಿ, ವಾಲಿಬಾಲ್, ಮತ್ತೆ ಅಂಡರ್ ಆರ್ಮ್ ಕ್ರಿಕೆಟ್. ಕುಂಬಳೆ ಅಂದರೆ ಹೊರಗಿನವರಿಗೂ ಲೆಗ್ ಸ್ಪಿನ್ನೇ ನೆನಪು. ಬೇಸ್‌ಬಾಲ್ ಎಂಬ ಆಟ ಸ್ಕೂಲ್ ಗೇಮ್ಸ್‌ನಲ್ಲಿ ಉಂಟು ಅಂತ ಹೇಳಿದರೆ ಸ್ಟಾಫ್ ರೂಮಿನಲ್ಲೇ ನಗುತ್ತಾರೆ. ಪಿಚರ್ ಅಂದರೆ ಬ್ಯಾಟ್ ಹಿಡಿದವನಿಗೆ ಚೆಂಡು ಎಸೆಯುವವನು. ಆ ಪದ ಹೇಳಿದರೆ ಮಕ್ಕಳು "ಯಾವ ಪಿಚ್ಚರ್ ಸರ್?" ಅಂತ ಕೇಳುತ್ತಾರೆ. ಆದರೂ ನನಗೆ ಈ ಆಟದ ಹುಚ್ಚು ಹಳೆಯದು. ಆ ಹುಡುಗನನ್ನು ನೋಡಿದ ದಿನ ನನ್ನ ತಲೆಯಲ್ಲಿ ಒಂದೇ ಮಾತು, ಪಿಚರ್ ಸಿಕ್ಕಿದ.

ಇದಕ್ಕೆ ಕಾರಣವೂ ಇತ್ತು. 2008ರಲ್ಲಿ ಅಮೆರಿಕದವರು ಇಲ್ಲಿ ಬಂದು ಟಿವಿ ಸ್ಪರ್ಧೆ ಇಟ್ಟು, ಯಾರ ಎಸೆತ ಜೋರಾಗಿ, ನೇರಕ್ಕೆ ಬರುತ್ತದೆ ಅಂತ ಹುಡುಕಿದ್ದರು. ಗೆದ್ದ ರಿಂಕು ಸಿಂಗ್ ಮತ್ತು ಅವನ ಜೊತೆಗಾರ ದಿನೇಶ್ ಪಟೇಲ್ ಇಬ್ಬರೂ ಉತ್ತರ ಪ್ರದೇಶದವರು, ಜಾವೆಲಿನ್ ಎಸೆಯುತ್ತಿದ್ದವರು. ಬೇಸ್‌ಬಾಲ್ ಆಡಿಯೇ ಇರಲಿಲ್ಲ. ಆ ವರ್ಷವೇ ಪಿಟ್ಸ್‌ಬರ್ಗ್ ಪೈರೇಟ್ಸ್ ಎಂಬ ಅಲ್ಲಿನ ತಂಡ ಇಬ್ಬರಿಗೂ ಸಹಿ ಹಾಕಿಸಿಕೊಂಡಿತು. ಅಲ್ಲಿನ ಅತಿ ಮೇಲಿನ ಮಟ್ಟವಾದ ಮೇಜರ್ ಲೀಗನ್ನು ಇಬ್ಬರೂ ಮುಟ್ಟಲಿಲ್ಲ. ನಾನು ಮಾತ್ರ ಕಥೆಯ ಮೊದಲರ್ಧವನ್ನೇ ನೆನಪಿಟ್ಟುಕೊಂಡಿದ್ದೆ.

ಏಪ್ರಿಲ್ ರಜೆಯಲ್ಲಿ ಬೆಳಿಗ್ಗೆ ಏಳಕ್ಕೆ ಮೈದಾನ. ಎಂಟು ಗಂಟೆ ಕಳೆದರೆ ನಮ್ಮ ಮುರಕಲ್ಲಿನ ಪಾದೆ ಕಾದ ಕಾವಲಿ ಆಗುತ್ತದೆ. ಅಂಗಳ ಅಳೆಯುವುದೇ ಮೊದಲ ತಲೆನೋವು. ಆಟದ ಚೌಕದ ನಾಲ್ಕು ಮೂಲೆಗಳೇ ಬೇಸ್, ಬ್ಯಾಟ್ ಹಿಡಿದವನು ನಿಲ್ಲುವ ಮೂಲೆ ಹೋಮ್ ಪ್ಲೇಟ್. ಬೇಸಿನಿಂದ ಬೇಸಿಗೆ 90 ಅಡಿ, ಅಂದರೆ 27.43 ಮೀಟರ್. ಪಿಚರ್ ನಿಲ್ಲುವ ಪಟ್ಟಿಯಿಂದ ಹೋಮ್ ಪ್ಲೇಟಿಗೆ 60 ಅಡಿ 6 ಇಂಚು, 18.44 ಮೀಟರ್. ಟೇಪ್ ಹಿಡಿದು ನಾಲ್ಕು ಬದಿ ಅಳೆದು ಸುಣ್ಣ ಹಾಕಿದೆ. ಚೌಕ ಅಂದುಕೊಂಡದ್ದು ಒಂದು ಕಡೆ ವಾಲಿತ್ತು. ಶಾಲೆಯ ಶೌಚಾಲಯ ಕಟ್ಟುತ್ತಿದ್ದ ಮೇಸ್ತ್ರಿ ನೋಡಿ, "ಮಾಷ್ಟ್ರೇ, ಬದಿ ಎಷ್ಟು ಅಳೆದ್ರೂ ಮೂಲೆ ಸಿಕ್ಕುದಿಲ್ಲ, ಓರೆ ಅಳೆಯಿರಿ" ಅಂದರು. ಸರಿಯೇ. ಹೋಮ್ ಪ್ಲೇಟಿನಿಂದ ಎದುರು ಮೂಲೆಯ ಎರಡನೇ ಬೇಸಿಗೆ 38.8 ಮೀಟರ್ ಬರಬೇಕು. ಅದು ಬಂದರೆ ಮೂಲೆಗಳೂ ಸರಿ. ಈ 38.8 ಆಮೇಲೆ ನನಗೆ ಎಷ್ಟು ಮುಖ್ಯ ಆಗುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಎಸೆತದ ವೇಗ ಅಳೆಯುವ ರಾಡಾರ್ ಗನ್ ನಮ್ಮಲ್ಲಿ ಎಲ್ಲಿಂದ? ಮೊಬೈಲ್ ವಿಡಿಯೋ ತೆಗೆದು ಫ್ರೇಮ್ ಎಣಿಸಿದೆ. ಸಾಮಾನ್ಯ ವಿಡಿಯೋ, ಸೆಕೆಂಡಿಗೆ 30 ಫ್ರೇಮ್. ಚೆಂಡು ಬಿಟ್ಟಲ್ಲಿಂದ ಹೋಮ್ ಪ್ಲೇಟಿನಲ್ಲಿ ನಿಲ್ಲಿಸಿದ ತಗಡಿಗೆ ಬಡಿಯುವವರೆಗೆ 16 ಫ್ರೇಮ್. 18.44 ಮೀಟರನ್ನು ಆ ಸಮಯದಿಂದ ಭಾಗಿಸಿದೆ. ಗಂಟೆಗೆ 124 ಕಿಲೋಮೀಟರ್!

ಹದಿನಾಲ್ಕು ವರ್ಷದ ಪೋರ, 124. ರಿಂಕು ಗೆದ್ದದ್ದು 140ರ ಆಸುಪಾಸಿನಲ್ಲಿ. ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಲ್ಲಿ ಬರೆದೆ. ಅದಕ್ಕಿಂತ ದೊಡ್ಡ ತಪ್ಪು, ಹುಡುಗನಿಗೂ ಹೇಳಿದೆ.

ಅವತ್ತಿಂದ ಅವನಿಗೆ 124 ದಾಟಿಸುವ ಹುಚ್ಚು. ನನಗೂ. ಒಂದು ಶನಿವಾರ ಎಣಿಕೆ ಇಲ್ಲದೆ ಎಸೆಸಿದೆ. ಮನೆಗೆ ಬಂದು ವಿಡಿಯೋ ಲೆಕ್ಕ ಹಾಕಿದರೆ 118 ಎಸೆತ. ಮರುದಿನ ಅವನ ಅಮ್ಮನ ಫೋನ್: "ಮಾಷ್ಟ್ರೇ, ಇವನಿಗೆ ಮೊಣಕೈ ಒಳಗಿನ ಬದಿ ಸೆಳೀತದಂತೆ. ಎಂತ ಮಾಡಿಸಿದ್ದು ನೀವು?"

ಅಮೆರಿಕದಲ್ಲಿ ಮಕ್ಕಳಿಗೆ ಎಸೆತದ ಲೆಕ್ಕ ಇಡುವ ಪಟ್ಟಿ ಇದೆ. 13–14 ವಯಸ್ಸಿನವರಿಗೆ ಒಂದು ದಿನಕ್ಕೆ 95ಕ್ಕಿಂತ ಜಾಸ್ತಿ ಬೇಡ. 66 ಮುಟ್ಟಿದರೆ ನಾಲ್ಕು ದಿನ ಕೈಗೆ ಪೂರ್ತಿ ರಜೆ. ಬೆಳೆಯುವ ವಯಸ್ಸಲ್ಲಿ ಮೊಣಕೈ ಎಲುಬಿನ ತುದಿ ಇನ್ನೂ ಮೆತ್ತಗಿರುತ್ತದೆ, ಮತ್ತೆ ಮತ್ತೆ ಎಳೆದರೆ ಮೊದಲು ನೋಯುವುದು ಅದೇ ಜಾಗ. ಇದೆಲ್ಲ ನಾನು ಓದಿದ್ದೇ. ಓದಿದ್ದು ಕೆಂಪು ಪೆನ್ನಿನ ಎದುರು ಮರೆತುಹೋಯಿತು. ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಮೂರು ವಾರ ಎಸೆಯುವ ಹಾಗಿಲ್ಲ ಅಂದರು. ಅವನ ಅಮ್ಮನ ಎದುರು ಬೆಂಚಿನಲ್ಲಿ ಕೂತಿದ್ದ ಆ ಅರ್ಧ ಗಂಟೆ ನನಗೆ ಈಗಲೂ ನೆನಪಿದೆ.

ಆ ಮೂರು ವಾರದಲ್ಲಿ ಮಾಡಲು ಬೇರೆ ಕೆಲಸ ಇರಲಿಲ್ಲ. ಹಳೇ ಲೆಕ್ಕ ತೆಗೆದು ಕೂತೆ. ಮೊದಲ ತಪ್ಪು ದೂರದ್ದು. ಎಸೆಯುವವನು ಪಟ್ಟಿ ಮೇಲೆ ನಿಂತು ಬಿಡುವುದಿಲ್ಲವಲ್ಲ, ಒಂದು ದೊಡ್ಡ ಹೆಜ್ಜೆ ಮುಂದೆ ಹಾಕಿ ಬಿಡುತ್ತಾನೆ. ಚೆಂಡು ಹಾರುವುದು 18.44 ಅಲ್ಲ, ಅವನ ಹೆಜ್ಜೆಗೆ ಸುಮಾರು 17 ಮೀಟರ್. ಎರಡನೆಯದು ಫ್ರೇಮ್. ಸೆಕೆಂಡಿಗೆ 30 ಅಂದಾಗ ಆಚೆ ಒಂದು ಈಚೆ ಒಂದು ತಪ್ಪಿದರೂ ಹತ್ತು ಹದಿನೈದು ಕಿಲೋಮೀಟರ್ ಏರುಪೇರು. ನನ್ನ ಫೋನಿನಲ್ಲೇ 240 ಫ್ರೇಮಿನ ಸ್ಲೋ ಮೋಷನ್ ಇತ್ತು, ಮದುವೆಯಲ್ಲಿ ಅಕ್ಕಿಕಾಳು ಹಾಕುವುದನ್ನು ತೆಗೆಯಲು ಮಾತ್ರ ಬಳಸಿದ್ದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹಾಗೆ ತೆಗೆದ ವಿಡಿಯೋವನ್ನು ವಾಟ್ಸಾಪ್‌ನಲ್ಲಿ ಕಳಿಸಿ ಕಂಪ್ಯೂಟರಿನಲ್ಲಿ ಎಣಿಸಬೇಡಿ. ದಾರಿಯಲ್ಲಿ ಫ್ರೇಮ್ ಕಳೆದುಹೋಗುತ್ತದೆ. ಕೇಬಲ್ ಹಾಕಿ ತೆಗೆಯಿರಿ. ಮೊದಲು ಓಡುತ್ತಿರುವ ಸ್ಟಾಪ್‌ವಾಚ್ ಒಂದರ ವಿಡಿಯೋ ತೆಗೆದು, ಒಂದು ಸೆಕೆಂಡಿಗೆ ನಿಜವಾಗಿ 240 ಇದೆಯಾ ಅಂತ ಎಣಿಸಿ ನೋಡಿ. ಬೇಸರದ ಕೆಲಸ, ಹೌದು.

ಕೈ ಸರಿಯಾದ ಮೇಲೆ ಹತ್ತು ಎಸೆತ ಮಾತ್ರ ತೆಗೆದೆ. ಹೆಚ್ಚುಕಮ್ಮಿ ಎಲ್ಲದಕ್ಕೂ 146 ಫ್ರೇಮಿನ ಹತ್ತಿರ. ಸುಮಾರು 100 ಕಿಲೋಮೀಟರ್. ಚೆಂಡು ಹಾರುತ್ತಾ ಗಾಳಿಗೆ ವೇಗ ಕಳೆದುಕೊಳ್ಳುತ್ತದೆ, ಹಾಗಾಗಿ ಕೈಯಿಂದ ಬಿಡುವಾಗ ಇನ್ನೊಂದು ನಾಲ್ಕೈದು ಜಾಸ್ತಿ ಇಟ್ಟುಕೊಳ್ಳಬಹುದು. ವಯಸ್ಸಿಗೆ ಪರವಾಗಿಲ್ಲ. ಆದರೆ ಊರು ಕೇರಿ ಬೆರಗಾಗುವ ಕೈ ಅಲ್ಲ. 124ಕ್ಕೆ ಗೀಟು ಹಾಕಿದೆ. ಹುಡುಗನಿಗೆ ಹೇಳಲಿಲ್ಲ, ಅಂಕಿ ಹೇಳುವ ಚಟ ಅಷ್ಟೊತ್ತಿಗೆ ಬಿಟ್ಟಿದ್ದೆ.

ಅಮೆರಿಕದಲ್ಲಿ ಹೊಸ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ಆಟಗಾರನನ್ನು ಐದು ವಿಷಯಕ್ಕೆ ನೋಡುತ್ತಾರೆ: ಚೆಂಡಿಗೆ ಬ್ಯಾಟ್ ತಾಗಿಸುವುದು, ದೂರ ಹೊಡೆಯುವುದು, ಓಟ, ಫೀಲ್ಡಿಂಗ್, ಎಸೆತ. ಒಂದೊಂದಕ್ಕೂ 20ರಿಂದ 80ರವರೆಗೆ ಅಂಕ. 50 ಅಂದರೆ ಮೇಜರ್ ಲೀಗ್‌ನ ಸಾಧಾರಣ ಆಟಗಾರ. ಆ ಲೆಕ್ಕದಲ್ಲಿ ನನ್ನ ಶಾಲೆಯ ಎಲ್ಲರಿಗೂ ಎಲ್ಲದಕ್ಕೂ 20, ಪುಸ್ತಕ ಮುಚ್ಚಬಹುದು. ಅದಕ್ಕೇ ಅವರು ಎರಡು ಅಂಕ ಬರೆಯುತ್ತಾರೆ, ಈಗ ಎಷ್ಟು, ಮುಂದೆ ಎಷ್ಟಾಗಬಹುದು. ನಾನು ಮೊದಲನೆಯದಕ್ಕೆ ಶಾಲೆಯ ಅದೇ ವಯಸ್ಸಿನ ಹುಡುಗರನ್ನೇ ಅಳತೆಗೋಲು ಮಾಡಿಕೊಂಡೆ. ಎರಡನೆಯದನ್ನು ಪೆನ್ಸಿಲ್‌ನಲ್ಲಿ ಬರೆಯುತ್ತೇನೆ.

ಓಟದಲ್ಲಿ ಅವನು ಸಾಧಾರಣ. 60 ಗಜ, ಅಂದರೆ 54.86 ಮೀಟರ್, 8.2 ಸೆಕೆಂಡು. ಕೈಯಲ್ಲಿ ಒತ್ತುವ ಸ್ಟಾಪ್‌ವಾಚ್ ಯಾವಾಗಲೂ ಸ್ವಲ್ಪ ಕಮ್ಮಿ ತೋರಿಸುತ್ತದೆ, ಯಾಕೆಂದರೆ ನಾವು ಹೊರಟದ್ದನ್ನು ನೋಡಿ ಒತ್ತುವಷ್ಟರಲ್ಲಿ ತಡ ಆಗಿರುತ್ತದೆ. ಬ್ಯಾಟಿಂಗ್ ಬಗ್ಗೆ ಎಂತ ಹೇಳುವುದು. ನಮ್ಮ ಮಕ್ಕಳು ಚೆಂಡಿಗೆ ತಾಗಿಸುತ್ತಾರೆ, ಅಂಡರ್ ಆರ್ಮ್ ಆಡಿದ ಕಣ್ಣು. ಆದರೆ ಹೊಡೆದ ಕೂಡಲೇ ಬ್ಯಾಟ್ ಹಿಡಿದುಕೊಂಡೇ ಮೊದಲ ಬೇಸಿಗೆ ಓಡುತ್ತಾರೆ! ಬಿಸಾಡಿ ಓಡು ಅಂದರೆ, ರನ್ ಔಟ್ ಆದರೆ ಗೆರೆ ಮುಟ್ಟಿಸಲು ಏನು ಅಂತ ಕೇಳುತ್ತಾರೆ. ಎರಡು ತಿಂಗಳು ಬೇಕಾಯಿತು ಇದೊಂದು ಬಿಡಿಸಲು.

ಕ್ಯಾಚರ್, ಅಂದರೆ ಬ್ಯಾಟ್ ಹಿಡಿದವನ ಹಿಂದೆ ಕೂತು ಚೆಂಡು ಹಿಡಿಯುವವನ ಜಾಗ, ಅವನಿಗೆ ಸಿಕ್ಕಿದ್ದು ಸುಮ್ನೆ. ಕೈ ನೋವಾದವನು ಎಸೆಯುವುದು ಬೇಡ, ಕೂತು ಹಿಡಿಯಲಿ ಅಂತ ಕೂರಿಸಿದ್ದೆ. ಊರಿನ ಅಂಡರ್ ಆರ್ಮ್ ಟೀಮಿನಲ್ಲಿ ಅವನು ವಿಕೆಟ್ ಕೀಪರ್ ಅಂತ ಅವತ್ತೇ ಗೊತ್ತಾದದ್ದು. ಕೇಳಬೇಕಿತ್ತು, ಕೇಳಿರಲಿಲ್ಲ. ಒಂದು ವಾರ ಕಳೆದ ಮೇಲೆ, ಓಡಿ ಹೋಗುವವನನ್ನು ಎರಡನೇ ಬೇಸಿನಲ್ಲಿ ಔಟ್ ಮಾಡಲು ಎಸೆಯುವ ಎಸೆತ ಐದು ಮಾತ್ರ ಎಸೆಯಲು ಹೇಳಿದೆ.

ಇದನ್ನು ಪಾಪ್ ಟೈಮ್ ಅಂತಾರೆ. ಚೆಂಡು ಕ್ಯಾಚರ್‌ನ ಗ್ಲೌಸಿಗೆ ಬಡಿದ ಸದ್ದಿನಿಂದ ಎರಡನೇ ಬೇಸಿನವನ ಗ್ಲೌಸಿಗೆ ಬಡಿದ ಸದ್ದಿನವರೆಗೆ. ಮೇಜರ್ ಲೀಗ್‌ನಲ್ಲಿ ಸುಮಾರು 2 ಸೆಕೆಂಡು. ಒಳ್ಳೆಯವನಿಗೂ ಸಾಧಾರಣದವನಿಗೂ ಇರುವ ವ್ಯತ್ಯಾಸ ಸೆಕೆಂಡಿನ ಹತ್ತನೇ ಒಂದೆರಡು ಭಾಗ, ಸ್ಟಾಪ್‌ವಾಚಿನಲ್ಲಿ ನನ್ನ ಹೆಬ್ಬೆರಳಿನ ತಪ್ಪೇ ಅಷ್ಟಿರುತ್ತದೆ. ಹಾಗಾಗಿ ಸದ್ದನ್ನೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ತೆರೆಯಲ್ಲಿ ಆ ಎರಡು ಸದ್ದಿಗೆ ಎದ್ದ ಗೀಟುಗಳ ನಡುವಿನ ಸಮಯ ನೋಡಿದೆ. ಇಲ್ಲೂ ಒಂದು ಗುಂಡಿ ಉಂಟು. ಫೋನನ್ನು ಕ್ಯಾಚರ್ ಪಕ್ಕದಲ್ಲಿ ಇಟ್ಟರೆ, 38.8 ಮೀಟರ್ ಆಚೆಯ ಸದ್ದು ಬರಲಿಕ್ಕೇ 0.11 ಸೆಕೆಂಡು ಹಿಡಿಯುತ್ತದೆ. ಹುಡುಗನ ತಲೆಗೆ ಸುಮ್ಮನೆ ದಂಡ. ಫೋನನ್ನು ಎರಡಕ್ಕೂ ಸಮ ದೂರದಲ್ಲಿ, ಚೆಂಡಿನ ದಾರಿಯಿಂದ ಪಕ್ಕಕ್ಕೆ ಇಡಬೇಕು. ಫಿಸಿಕ್ಸ್ ಟೀಚರ್ ಹೇಳುವವರೆಗೆ ನನಗೆ ಹೊಳೆದಿರಲಿಲ್ಲ.

ಉಳಿದ ಹುಡುಗರು 2.8, 2.9, ಒಬ್ಬ 3.1. ಇವನು 2.44. ಐದು ಎಸೆತದಲ್ಲಿ ಅತಿ ಕೆಟ್ಟದ್ದು 2.51.

ಕೈಯ ವೇಗ 100ರ ಆಸುಪಾಸೇ. ಹಾಗಾದರೆ ಇಷ್ಟು ಬೇಗ ಹೇಗೆ? ಸ್ಲೋ ಮೋಷನ್ ಹಾಕಿ ನೋಡಿದೆ. ಉಳಿದವರು ಚೆಂಡು ಹಿಡಿದು, ಗ್ಲೌಸಿನೊಳಗೆ ನೋಡಿ, ತೆಗೆದು, ಎದ್ದು, ಎಸೆಯುತ್ತಾರೆ. ಇವನ ಬಲಗೈ ಗ್ಲೌಸಿನ ಹಿಂದೆಯೇ ಕಾಯುತ್ತಿರುತ್ತದೆ. ಚೆಂಡು ಬಡಿಯುವಾಗಲೇ ಬಲಗಾಲು ಮುಂದೆ ಬಂದಿರುತ್ತದೆ. ಗ್ಲೌಸಿಗೆ ಬಡಿದಲ್ಲಿಂದ ಕೈ ಬಿಡುವವರೆಗೆ 190 ಫ್ರೇಮ್, ಅಂದರೆ 0.8 ಸೆಕೆಂಡಿಗೂ ಸ್ವಲ್ಪ ಕಮ್ಮಿ. ಉಳಿದವರಿಗೆ ಒಂದು ಸೆಕೆಂಡು ದಾಟಿತ್ತು. ಅವನ ಅಜ್ಜಿ ಇದನ್ನು ಕೇಳಿ, "ಅದು ಅಡಿಕೆ ಸುಲಿದ ಕೈ ಮಾಷ್ಟ್ರೇ" ಅಂದರು. ನಮ್ಮೂರಲ್ಲಿ ಎಲ್ಲರೂ ಅಡಿಕೆ ಸುಲಿಯುತ್ತಾರೆ, ಆದ್ದರಿಂದ ನಾನು ಒಪ್ಪಲಿಲ್ಲ.

ನಾಲ್ಕನೇ ಎಸೆತಕ್ಕೆ ಇನ್ನೊಂದು ಕಂಡಿತು, ಯಾವ ಫೋನಿನಲ್ಲೂ ಅಳೆಯಲಾಗದ್ದು. ಎರಡನೇ ಬೇಸಿನಲ್ಲಿ ನಿಂತಿದ್ದ ದೊಡ್ಡ ಹುಡುಗ ನೀರು ಕುಡಿಯಲು ಹೋಗಿ, ಆರನೇ ಕ್ಲಾಸಿನ ಒಬ್ಬ ಸಣ್ಣವನು ನಿಂತಿದ್ದ. ಎಸೆತ ನೇರ ಆ ಸಣ್ಣವನ ಮೊಣಕಾಲಿನ ಎತ್ತರಕ್ಕೆ ಬಂತು. ಜೋರೂ ಒಂಚೂರು ಕಮ್ಮಿ. ಆ ಎಸೆತದ್ದೇ 2.51. ಯಾಕೋ ಅಂದೆ. "ಮೇಲೆ ಹೊಡೆದ್ರೆ ಅವನಿಗೆ ಸಿಗುದಿಲ್ಲ ಸರ್, ಮೂತಿಗೆ ಬಿದ್ರೆ?" ಅಂದ. ಸರಾಸರಿ ತೆಗೆಯುವಾಗ ಆ 2.51 ಬಿಟ್ಟುಬಿಡಲಾ ಅಂತ ಯೋಚಿಸಿದೆ. ಬಿಡಲಿಲ್ಲ, ಪಕ್ಕದಲ್ಲಿ ಕಾರಣ ಬರೆದೆ. ಇಡೀ ಪುಸ್ತಕದಲ್ಲಿ ನನಗೆ ಇಷ್ಟದ ಸಾಲು ಅದು.

ಅಂದಿನಿಂದ ಅವನು ಕ್ಯಾಚರ್. ಪಿಚಿಂಗ್ ಪೂರ್ತಿ ನಿಲ್ಲಿಸಿದೆ. ಒಂದೇ ಹುಡುಗ ಎರಡೂ ಮಾಡಿದರೆ ಕೈಗೆ ಬಿಡುವೇ ಸಿಗುವುದಿಲ್ಲ.

ಕಳೆದ ವರ್ಷ ಟೀಮಿನ ಆಯ್ಕೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಕ್ಯಾಚರ್‌ಗಳನ್ನು ನೋಡಿದ್ದು ಹೀಗೆ: ನಿಂತುಕೊಂಡು ಮೂರು ಎಸೆತ, ಯಾರದ್ದು ಜೋರು ಅಂತ. ಕೂತಲ್ಲಿಂದ ಎದ್ದು ಎಸೆಯಲು ಹೇಳಲೇ ಇಲ್ಲ. ನಾನು ನೋಟ್‌ಬುಕ್ ತೆಗೆದು ತೋರಿಸಿದೆ. ಆಯ್ಕೆ ಮಾಡುವವರು ಎರಡು ಪುಟ ತಿರುಗಿಸಿ, "ಇದೆಲ್ಲ ಬರೀತಾ ಕೂತ್ರೆ ಆಟ ಕಲಿಸುದು ಯಾವಾಗ ಮಾಷ್?" ಅಂದರು. ಎರಡನೇ ಕ್ಯಾಚರ್ ಅಂತ ಹೆಸರು ಬಂತು, ಆಡಲು ಸಿಗಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ನನಗೇ ಸಿಟ್ಟು ಇಳಿದಿರಲಿಲ್ಲ. ಅವನು ಕಿಟಕಿ ಬದಿ ಕೂತು ಚುರುಮುರಿ ತಿಂದ.

ಒಂದು ವಿಷಯದಲ್ಲಿ ಮಾತ್ರ ನಾನು ಇನ್ನೂ ಜಾಗ್ರತೆ. ಈ ವರ್ಷ ಅವನ ಪಾಪ್ ಟೈಮ್ 2.31ಕ್ಕೆ ಇಳಿದಿದೆ. ನನ್ನ ತರಬೇತಿಯಿಂದ ಅಂತ ಹೇಳಿಕೊಳ್ಳಬಹುದಿತ್ತು. ಆದರೆ ಒಂದು ವರ್ಷದಲ್ಲಿ ಹುಡುಗ 7 ಸೆಂಟಿಮೀಟರ್ ಎತ್ತರ ಆಗಿದ್ದಾನೆ, ಸ್ವರವೂ ಒಡೆದಿದೆ. ಗ್ಲೌಸಿನಿಂದ ಕೈ ಬಿಡುವವರೆಗಿನ ಸಮಯ ಹಾಗೇ ಉಂಟು, 190ರ ಹತ್ತಿರ. ಇಳಿದದ್ದು ಚೆಂಡು ಹಾರುವ ಸಮಯ ಮಾತ್ರ. ಅಂದರೆ ಅದು ಅವನ ಮನೆಯ ಅನ್ನದ್ದು, ನನ್ನದಲ್ಲ. ಜೊತೆಯವರು ಅವನಿಗಿಂತ ಮೊದಲೇ ಬೆಳೆದವರು. ಅವರದ್ದು ನಿಂತ ಮೇಲೂ ಇವನದ್ದು ಏರುತ್ತದಾ ಅಂತ ಕಾಯಬೇಕು. ಪೆನ್ಸಿಲ್‌ನ ಅಂಕ ಈ ಕಾರಣಕ್ಕೇ ಇನ್ನೂ ಪೆನ್ಸಿಲ್‌ನಲ್ಲೇ ಇದೆ.

ಈಗ ಜುಲೈ. ಮೈದಾನದಲ್ಲಿ ಪಾದದವರೆಗೆ ಕೆಂಪು ನೀರು. ಚೆಂಡುಗಳ ಚರ್ಮ ಒದ್ದೆಯಾಗಿ ಊದಿದೆ. 149 ಗ್ರಾಂ ದಾಟಬಾರದ ಚೆಂಡು ದಿನಸಿ ಅಂಗಡಿಯ ತಕ್ಕಡಿಯಲ್ಲಿ 171 ತೋರಿಸಿತು. ಅಂಥದ್ದನ್ನು ಎಸೆಸಿದರೆ ಮತ್ತೆ ಮೊಣಕೈ. ಹಾಗಾಗಿ ಮಳೆ ಮುಗಿಯುವವರೆಗೆ ಎಸೆತ ಇಲ್ಲ. ಸೋಮವಾರಗಳಲ್ಲಿ ಸ್ಪೋರ್ಟ್ಸ್ ರೂಮಿನ ಬಾಗಿಲ ದಾರಂದಕ್ಕೆ ಒರಗಿಸಿ ತಲೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆಯುತ್ತೇನೆ. ಮೊನ್ನೆ ಅವನು ಹಿಮ್ಮಡಿ ಎತ್ತಿ ನಿಂತಿದ್ದ. "ಕಾಲು ಕೆಳಗಿಡು ಮಾರಾಯ" ಅಂದೆ. ಇಟ್ಟ. ಆದರೂ ಗೆರೆ ಹೋದ ಸಲದ್ದಕ್ಕಿಂತ ಅರ್ಧ ಬೆರಳು ಮೇಲೆ ಬಂತು.