ತೋಟದ ದಾರಿಯಲ್ಲಿ ಮೂಟೆ ಹೊತ್ತ ಹಿರಿಯರು ಎದುರಾದರೆ

ಕೊಡಗಿನಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲಿನ ಕಾಲ. ಅರೇಬಿಕಾ ಮೊದಲು, ರೊಬಸ್ಟಾ ಆಮೇಲೆ. ಆ ದಿನಗಳಲ್ಲಿ ಸಿದ್ದಾಪುರ, ಪಾಲಿಬೆಟ್ಟದ ಕಡೆ ಸುತ್ತಾಡಲು ಬಂದವರಿಗೆ, ಎಪ್ಪತ್ತು ದಾಟಿದಂತೆ ಕಾಣುವ ಕೂಲಿಯವರು ಹಣ್ಣಿನ ಚೀಲ ಹೊತ್ತು ಏರು ಹತ್ತುವುದನ್ನು ಕಂಡು ಕಸಿವಿಸಿಯಾಗುತ್ತದೆ. ಆ ಕಸಿವಿಸಿಯನ್ನು ಕಳೆದುಕೊಳ್ಳುವ ಆತುರದಲ್ಲಿ ಅವರಿಗೆ ತೊಂದರೆ ಮಾಡದಿರುವುದು ಹೇಗೆ ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಮೊದಲು ದಾರಿ ಬಿಡಿ. ಕಾರನ್ನು ದೂರದಲ್ಲೇ ನಿಲ್ಲಿಸಿ, ಹಾರ್ನ್ ಹೊಡೆಯಬೇಡಿ. ಕನಿಕರದಿಂದ ಮೂಟೆಗೆ ಕೈ ಹಾಕುವುದಂತೂ ಬೇಡವೇ ಬೇಡ: ತಲೆಯ ಮೇಲಿನ ಭಾರಕ್ಕೆ ಕತ್ತು, ಸೊಂಟ, ಹೆಜ್ಜೆಗಳೆಲ್ಲ ಹೊಂದಿಕೊಂಡಿರುವಾಗ ಪಕ್ಕದಿಂದ ಯಾರಾದರೂ ಹಿಡಿದರೆ ಆಯ ತಪ್ಪುತ್ತದೆ, ಬೀಳುವವರು ಅವರೇ. ಹೊತ್ತವರನ್ನು ಮಾತಿಗೂ ನಿಲ್ಲಿಸಬಾರದು. ಹಣ್ಣನ್ನು ತೂಗಿ ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವ ತೋಟಗಳಲ್ಲಿ ನಿಮ್ಮ ಐದು ನಿಮಿಷ ಅವರ ದುಡಿಮೆಯಿಂದ ಕಳೆದುಹೋಗುತ್ತದೆ.

ಹಣದ ವಿಷಯದಲ್ಲಿ ನಾನೇ ತಪ್ಪು ಮಾಡಿದ್ದೇನೆ. ಏರಿನ ಕೊನೆಯಲ್ಲಿ ಚೀಲ ಇಳಿಸಿ ಕುಳಿತಿದ್ದ ಅಜ್ಜನೊಬ್ಬರ ಮುಂದೆ, ಒಂದು ನಮಸ್ಕಾರವನ್ನೂ ಹೇಳದೆ, ನೂರರ ನೋಟು ಚಾಚಿದೆ. ಹಣ್ಣಿನ ಅಂಟು ಹಿಡಿದು ಕಪ್ಪಾಗಿದ್ದ ಬೆರಳುಗಳನ್ನು ಅವರು ಲುಂಗಿಗೆ ಒರೆಸಿಕೊಂಡರೇ ಹೊರತು ನೋಟನ್ನು ಮುಟ್ಟಲಿಲ್ಲ. "ಯಾಕೆ ಸಾರ್? ಕೂಲಿ ರೈಟರು ಕೊಡ್ತಾರೆ" ಎಂದರು; ರೈಟರು ಎಂದರೆ ತೋಟದ ಲೆಕ್ಕ ಬರೆಯುವವರು. ಆ ನೋಟನ್ನು ಜೇಬಿಗೆ ಮರಳಿಸುವಾಗಿನ ನಾಚಿಕೆ ಈಗಲೂ ನನ್ನನ್ನು ಬಿಟ್ಟಿಲ್ಲ.

ಆದ್ದರಿಂದ ಅವರು ಕುಳಿತಿದ್ದರೆ ನೀವೂ ಕುಳಿತುಕೊಳ್ಳಿ. ನಿಂತು ಕೆಳಗೆ ನೋಡುತ್ತಾ ಮಾತನಾಡಬೇಡಿ. "ಅಜ್ಜಾ, ನೀರು ಕುಡೀತೀರಾ?" ಎಂದು ಕೇಳಬಹುದು. ಮನೆಯಲ್ಲಿ ಎರವ ಬುಡಕಟ್ಟಿನ ಭಾಷೆಯನ್ನೋ ಮಲಯಾಳವನ್ನೋ ಆಡುವವರೂ ಇರುವುದರಿಂದ ಸರಳವಾದ ಕನ್ನಡದಲ್ಲಿ, ನಿಧಾನವಾಗಿ ಮಾತನಾಡಿ. ಈ ವರ್ಷದ ಫಸಲು, ಆನೆಗಳ ಓಡಾಟ, ಕಾಫಿ ಹೂ ಅರಳಿಸುವ ಹೂಮಳೆ ಇವುಗಳ ಬಗ್ಗೆ ಕೇಳಿದರೆ ಅವರು ಬಲ್ಲವರಾಗಿ ಉತ್ತರಿಸುತ್ತಾರೆ. "ಈ ವಯಸ್ಸಿನಲ್ಲೂ ದುಡಿಯಬೇಕೇ?" ಎಂದು ಮಾತ್ರ ಕೇಳಬಾರದು. ಫೋಟೊ ಬೇಡ.

ಪಿಂಚಣಿ ಬರುತ್ತಿಲ್ಲವೆಂದು ಅವರಾಗಿಯೇ ಹೇಳಿಕೊಂಡರೆ, 65 ವರ್ಷ ತುಂಬಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆ ಇದೆಯೆಂದೂ ನಾಡಕಚೇರಿಯಲ್ಲಿ ಅರ್ಜಿ ಕೊಡಬಹುದೆಂದೂ ತಿಳಿಸಿ. ಹಿರಿಯರ ಸಹಾಯವಾಣಿ 14567 ಅನ್ನು ಚೀಟಿಯಲ್ಲಿ ಬರೆದುಕೊಡಿ. ಎದೆನೋವು, ತಲೆಸುತ್ತು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಹೊರಡುವಾಗ ಅವರು "ಸ್ವಲ್ಪ ಎತ್ತಿಕೊಡಿ" ಎಂದರೆ, ಎದುರಿಗೆ ನಿಂತು ಚೀಲದ ಅಡಿಯನ್ನು ಎರಡೂ ಕೈಗಳಲ್ಲಿ ಹಿಡಿದು ಅವರ ಜೊತೆಗೇ ಎತ್ತಿ, ತಲೆಯ ಸಿಂಬೆಯ ಮೇಲೆ ಅದು ಕೂತಿತೆಂದು ಅವರು ಹೇಳುವವರೆಗೆ ಕೈ ಬಿಡಬೇಡಿ.